ಹಂತಕನನ್ನು ಹಿಡಿದುಕೊಟ್ಟ ಲೆಕ್ಕದ ಪುಸ್ತಕ

ತಿಪಟೂರು, ತುರುವೇಕೆರೆ ಕಡೆಯ ಕೊಬ್ಬರಿ ವ್ಯಾಪಾರಿಗಳಿಗೆ ಒಂದು ವಿದ್ಯೆ ಗೊತ್ತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ನೀರು ಕುಲುಕಿದರೆ ಅದಿನ್ನೂ ಕಾಯಿ. ಗಟಗಟ ಎಂದು ಉಂಡೆ ಉರುಳಿದ ಸದ್ದು ಬಂದರೆ ಕೊಬ್ಬರಿ ಆಗಿದೆ. ಒಡೆಯದೆಯೇ ಒಳಗಿನದನ್ನು ಹೇಳುವ ವಿದ್ಯೆ ಇದು. ಆದರೆ ಮಾರುಕಟ್ಟೆಯ ಹರಾಜಿನಲ್ಲಿ ಸದ್ದಿಗೆ ಯಾರೂ ದುಡ್ಡು ಕೊಡುವುದಿಲ್ಲ. ಒಡೆದು, ಕೊಬ್ಬರಿಯ ಬಣ್ಣ ಗಾತ್ರ ಕಣ್ಣಾರೆ ನೋಡಿಯೇ ದರ ಕಟ್ಟುತ್ತಾರೆ.

ಅಪರಾಧ ಲೋಕದಲ್ಲೂ ಹೀಗೆ ಕಾಯಿ ಅಲ್ಲಾಡಿಸಿ ಹೇಳುವವರಿದ್ದಾರೆ. ಅವರಿಗೆ ಕ್ರಿಮಿನಲ್ ಪ್ರೊಫೈಲರ್ ಎನ್ನುತ್ತಾರೆ. ಅಪರಾಧ ನಡೆದ ಜಾಗ, ಹೊತ್ತು, ನಡೆದ ರೀತಿ ಇವನ್ನೆಲ್ಲ ನೋಡಿ, ಇದನ್ನು ಮಾಡಿದವನ ವಯಸ್ಸು ಎಷ್ಟಿರಬಹುದು, ಸ್ವಭಾವ ಎಂಥದು, ಉದ್ಯೋಗ ಏನು, ವಾಸ ಎಲ್ಲಿ ಎಂದು ಊಹಿಸುವುದು ಅವರ ಕೆಲಸ. ರಜೆಗೆ ಅಮ್ಮಸಂದ್ರಕ್ಕೆ ಬರುವ ನನ್ನ ಮೊಮ್ಮಕ್ಕಳು ಮೊಬೈಲಿನಲ್ಲಿ ಇಂಥವರ ಕಥೆಗಳನ್ನೇ ನೋಡುತ್ತಾರೆ. ಒಂದು ಸಣ್ಣ ಊರು, ಮೇಲಿಂದ ಮೇಲೆ ಕೊಲೆಗಳು, ಕೊನೆಗೆ ದೊಡ್ಡ ಪಟ್ಟಣದಿಂದ ಬರುವ ಒಬ್ಬ ಬುದ್ಧಿವಂತ. ಅವನು ಕಣ್ಣು ಮುಚ್ಚಿ ಕೂತರೆ ಕೊಲೆಗಾರನ ಮುಖ ಕಾಣುತ್ತದೆ. "ತಾತ, ನಮ್ಮ ಕಡೆ ಇಂಥವರು ಯಾರೂ ಇಲ್ಲವಾ?" ಎಂದು ಕಳೆದ ಬೇಸಿಗೆಯಲ್ಲಿ ದೊಡ್ಡ ಮೊಮ್ಮಗಳು ಕೇಳಿದಳು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದವನು ನಾನು. ಇಂಥ ಪ್ರಶ್ನೆಗೆ ಉತ್ತರ ಹೇಳಲು ನನಗೇನು ಹಕ್ಕು ಎಂದು ನೀವು ಕೇಳಬಹುದು. ಉತ್ತರ ಇರುವುದೇ ಲೆಡ್ಜರಿನಲ್ಲಿ ಎಂಬುದಷ್ಟೇ ನನ್ನ ಹಕ್ಕು. ಹೇಗೆಂದು ಹೇಳುತ್ತೇನೆ, ಕೇಳಿ.

ವೈದ್ಯರಿಗೆ ಹೆಸರು, ಗುಮಾಸ್ತೆಗೆ ಕೆಲಸ

ಪ್ರೊಫೈಲರ್‌ಗಳ ಕಥೆ ಹೇಳುವವರೆಲ್ಲ ನ್ಯೂಯಾರ್ಕಿನ ಒಂದು ಪ್ರಸಂಗವನ್ನು ತಪ್ಪದೆ ಹೇಳುತ್ತಾರೆ. 1940ರಿಂದ 1956ರವರೆಗೆ ಆ ನಗರದ ಚಿತ್ರಮಂದಿರ, ರೈಲು ನಿಲ್ದಾಣ, ಗ್ರಂಥಾಲಯಗಳಲ್ಲಿ ಯಾರೋ ಒಬ್ಬ ಬಾಂಬುಗಳನ್ನು ಇಡುತ್ತಿದ್ದ. ಒಂದು ವಿದ್ಯುತ್ ಕಂಪನಿಯ ಮೇಲೆ ಅವನಿಗೆ ವಿಪರೀತ ಸಿಟ್ಟು. ಪತ್ರಿಕೆಗಳಿಗೆ, ಪೊಲೀಸರಿಗೆ ಕಾಗದ ಬರೆಯುತ್ತಿದ್ದ. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಆದರೆ ಹಲವರು ಗಾಯಗೊಂಡರು. ಹದಿನಾರು ವರ್ಷ ಪೊಲೀಸರ ಕೈಗೆ ಸಿಗಲಿಲ್ಲ.

ಕೊನೆಗೆ ಪೊಲೀಸರು ಜೇಮ್ಸ್ ಬ್ರಸೆಲ್ ಎಂಬ ಮನೋವೈದ್ಯರ ಬಳಿ ಹೋದರು. ಅವರು ಕಾಗದಗಳನ್ನು ಓದಿ, ಇವನು ನಡುವಯಸ್ಸಿನವನು, ಮದುವೆಯಾಗದವನು, ಅಚ್ಚುಕಟ್ಟಿನ ಮನುಷ್ಯ, ಕಂಪನಿಯಲ್ಲಿ ಕೆಲಸ ಮಾಡಿ ಅನ್ಯಾಯವಾಯಿತೆಂದು ಕೊರಗುವವನು ಎಂದರು. ಹಿಡಿದಾಗ ಡಬಲ್ ಬ್ರೆಸ್ಟೆಡ್ ಕೋಟು ತೊಟ್ಟು ಅದರ ಗುಂಡಿ ಹಾಕಿಕೊಂಡಿರುತ್ತಾನೆ ಎಂದೂ ಹೇಳಿದರಂತೆ. 1957ರ ಜನವರಿಯಲ್ಲಿ ವಾಟರ್‌ಬರಿ ಎಂಬ ಊರಿನಲ್ಲಿ ಜಾರ್ಜ್ ಮೆಟೆಸ್ಕಿ ಎಂಬವನನ್ನು ಪೊಲೀಸರು ರಾತ್ರೋರಾತ್ರಿ ಹಿಡಿದರು. ಪೈಜಾಮದಲ್ಲಿದ್ದವನು ಬಟ್ಟೆ ಬದಲಿಸಿ ಬಂದಾಗ ಮೈಮೇಲೆ ಅಂಥದೇ ಕೋಟು! ವೈದ್ಯರ ಹೆಸರು ಜಗತ್ತಿಗೆಲ್ಲ ಹಬ್ಬಿತು. ಅವರು ಹೇಳಿದ್ದರಲ್ಲಿ ತಪ್ಪಿದ್ದೂ ಇತ್ತು, ಅದನ್ನು ಯಾರೂ ನೆನಪಿಡಲಿಲ್ಲ.

ಈ ಕಥೆಯಲ್ಲಿ ಇನ್ನೊಬ್ಬರು ಇದ್ದಾರೆ. ಆಲಿಸ್ ಕೆಲಿ, ಅದೇ ವಿದ್ಯುತ್ ಕಂಪನಿಯ ಗುಮಾಸ್ತೆ. ಪರಿಹಾರ ಕೇಳಿ ಜಗಳವಾಡಿದ ಹಳೆಯ ನೌಕರರ ಕಡತಗಳನ್ನು ಆಕೆ ಒಂದೊಂದಾಗಿ ತೆಗೆದು ಓದುತ್ತ ಕುಳಿತಿದ್ದರು. 1931ರಲ್ಲಿ ಕೆಲಸದ ವೇಳೆ ಅಪಘಾತವಾಗಿ ಪರಿಹಾರ ಸಿಗದೆ ಹೋದ ಒಬ್ಬನ ಕಡತದಲ್ಲಿ, ಬಾಂಬಿನವನು ಪತ್ರಿಕೆಗೆ ಬರೆದ ಕಾಗದದ ಮಾತುಗಳೇ ಕಂಡವು. ಹೆಸರು, ವಿಳಾಸ ಎರಡೂ ಅಲ್ಲೇ ಇದ್ದವು. ಪೊಲೀಸರು ಆ ವಿಳಾಸಕ್ಕೆ ಹೋದರು. ವೈದ್ಯರು ಎಂಥ ಮನುಷ್ಯನನ್ನು ಹುಡುಕಬೇಕು ಎಂದರು. ಯಾವ ಮನುಷ್ಯ ಎಂದು ಹೇಳಿದ್ದು ಕಡತ.

ಇದನ್ನು ಹೇಳಿದಾಗ ಮೊಮ್ಮಗಳು, "ಗುಮಾಸ್ತೆ ಅಂತ ನಿಮಗೆ ಪಕ್ಷಪಾತ ತಾತ" ಎಂದು ನಕ್ಕಳು. ಇರಲಿ. ಬ್ರಿಟನ್ನಿನಲ್ಲಿ ಪ್ರೊಫೈಲರ್‌ಗಳ ಸಲಹೆ ಪಡೆದ 184 ಪ್ರಕರಣಗಳನ್ನು ಪರಿಶೀಲಿಸಿ 1995ರಲ್ಲಿ ಒಂದು ವರದಿ ಬಂತು. ಸಲಹೆಯಿಂದಲೇ ಅಪರಾಧಿಯ ಗುರುತು ಸಿಕ್ಕಿದ್ದು ನೂರಕ್ಕೆ ಮೂರರಷ್ಟೂ ಇಲ್ಲ. ಹಾಗೆಂದು ಆ ವಿದ್ಯೆ ಸುಳ್ಳಲ್ಲ. ಎಲ್ಲಿ ಹುಡುಕಬೇಕು, ಏನು ಕೇಳಬೇಕು ಎಂದು ಹೇಳಲು ಅದು ಬೇಕು. ಕಾಯಿ ಅಲ್ಲಾಡಿಸುವವನೂ ಬೇಕು, ಒಡೆಯುವವನೂ ಬೇಕು.

ಒಂದು ಊರಲ್ಲಿ ಡೆಬಿಟ್, ಇನ್ನೊಂದು ಊರಲ್ಲಿ ಕ್ರೆಡಿಟ್

ಈಗಿನ ಮಕ್ಕಳಿಗೆ ಕಂಪ್ಯೂಟರ್ ಇಲ್ಲದ ಬ್ಯಾಂಕು ಗೊತ್ತಿಲ್ಲ. ಆಗ ತಿಪಟೂರಿನ ಶಾಖೆಯಲ್ಲಿ ಒಬ್ಬ ವ್ಯಾಪಾರಿ ಬೆಂಗಳೂರಿಗೆ ಹಣ ಕಳಿಸಿದರೆ, ಇಲ್ಲಿ ಒಂದು ನಮೂದು, ಅಲ್ಲಿ ಒಂದು ನಮೂದು ಆಗಬೇಕಿತ್ತು. ಇಲ್ಲಿಂದ ಅಂಚೆಯಲ್ಲಿ ಒಂದು ಅಡ್ವೈಸ್ ಹೋಗುತ್ತಿತ್ತು. ಎರಡೂ ನಮೂದುಗಳು ಮುಖ್ಯ ಕಚೇರಿಗೆ ತಲುಪಿ, ಅಲ್ಲಿ ಯಾರೋ ಒಬ್ಬ ಗುಮಾಸ್ತ ಅವೆರಡನ್ನೂ ಜೋಡಿಸಿ ಟಿಕ್ ಹಾಕಬೇಕು. ಅದಕ್ಕೆ ರಿಕನ್ಸಿಲಿಯೇಶನ್ ಎನ್ನುತ್ತಿದ್ದೆವು. ಜೋಡಿ ಸಿಗದ ನಮೂದು ಹಾಗೇ ತೂಗಾಡುತ್ತ ಉಳಿಯುತ್ತಿತ್ತು. ನಮ್ಮ ಶಾಖೆಯ ಲೆಕ್ಕ ಸರಿಯಾಗಿರುತ್ತದೆ, ಆ ಶಾಖೆಯದೂ ಸರಿಯಾಗಿರುತ್ತದೆ, ಆದರೂ ಹಣ ಎಲ್ಲೋ ತಪ್ಪಿಹೋಗಿರುತ್ತದೆ. ಮೋಸ ಮಾಡುವವನಿಗೆ ಈ ನಡುವಿನ ಸಂದು ಚೆನ್ನಾಗಿ ಗೊತ್ತಿರುತ್ತದೆ. ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಯಾರಾದರೂ ಇಡುವವರೆಗೆ ಅವನು ಕ್ಷೇಮ.

ಸರಣಿ ಹಂತಕರೂ ಈ ಸಂದಿನಲ್ಲೇ ಬದುಕುವವರು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಪಿಯರ್ಸ್ ಬ್ರೂಕ್ಸ್ ಎಂಬ ಪತ್ತೇದಾರಿ ಪೊಲೀಸ್ ಅಧಿಕಾರಿ ಇದ್ದರು. 1950ರ ದಶಕದ ಕೊನೆಯಲ್ಲಿ ಒಂದೇ ಬಗೆಯ ಕೊಲೆಗಳು ಬೇರೆ ಊರುಗಳಲ್ಲೂ ನಡೆದಿವೆಯೇ ಎಂದು ತಿಳಿಯಲು ಅವರಿಗೆ ಇದ್ದದ್ದು ಒಂದೇ ದಾರಿ. ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ ಬೇರೆ ಊರುಗಳ ಹಳೆಯ ಪತ್ರಿಕೆಗಳನ್ನು ತಿರುವಿ ಹಾಕುವುದು. ಅವರ ಹಟದಿಂದಲೇ 1985ರಲ್ಲಿ ಅಲ್ಲಿನ ಎಫ್‌ಬಿಐ ಸಂಸ್ಥೆ ಊರೂರಿನ ಪ್ರಕರಣಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡುವ ವ್ಯವಸ್ಥೆ ಆರಂಭಿಸಿತು. ಅದು ನಮ್ಮ ರಿಕನ್ಸಿಲಿಯೇಶನ್ ವಿಭಾಗವೇ ಸರಿ.

ಬಸ್ ನಿಲ್ದಾಣಗಳ ಅನಾಮಿಕರು

ಈಗ ನಮ್ಮ ರಾಜ್ಯಕ್ಕೆ ಬರೋಣ. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಮೋಹನ್ ಕುಮಾರ್ ಎಂಬವನ ಪ್ರಕರಣ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಪತ್ರಿಕೆಗಳು ಅವನನ್ನು ಸಯನೈಡ್ ಮೋಹನ ಎಂದೇ ಕರೆದವು. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕನಾಗಿದ್ದವನು. 2009ರಲ್ಲಿ ಸಿಕ್ಕಿಬೀಳುವ ಹೊತ್ತಿಗೆ 20 ಮಹಿಳೆಯರ ಪ್ರಾಣ ಹೋಗಿತ್ತು.

ಅವನು ಗುರಿ ಮಾಡುತ್ತಿದ್ದುದು ಬಡ ಮನೆಯ, ಮದುವೆಯ ವಯಸ್ಸು ದಾಟುತ್ತಿದ್ದ, ವರದಕ್ಷಿಣೆ ಕೊಡಲಾಗದ ಹೆಣ್ಣುಮಕ್ಕಳನ್ನು. ನಯವಾಗಿ ಮಾತನಾಡುತ್ತಿದ್ದ. ಅವರ ಜಾತಿಗೆ ಹೊಂದುವ ಹೆಸರು ಹೇಳಿ, ನಿಮ್ಮವನೇ ಎನ್ನುತ್ತಿದ್ದ. ವರದಕ್ಷಿಣೆ ಬೇಡ, ದೂರದ ಊರಿಗೆ ಹೋಗಿ ಮದುವೆಯಾಗೋಣ ಎಂದು ನಂಬಿಸುತ್ತಿದ್ದ. ಮನೆಯವರಿಗೆ ಹೇಳದೆ, ಇದ್ದ ಒಡವೆ ಹಾಕಿಕೊಂಡು ಹೆಣ್ಣುಮಕ್ಕಳು ಹೊರಡುತ್ತಿದ್ದರು. ಮರುದಿನ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಔಷಧಿಯೆಂದು ಹೇಳಿ ಒಂದು ಮಾತ್ರೆ ಕೊಡುತ್ತಿದ್ದ. ಅದರಲ್ಲಿ ಇದ್ದುದು ವಿಷ. ಶೌಚಾಲಯಕ್ಕೆ ಹೋಗಿ ನುಂಗು ಎಂದು ಹೇಳುತ್ತಿದ್ದ. ಒಳಗಿನಿಂದ ಚಿಲಕ ಹಾಕಿದ ಬಾಗಿಲನ್ನು ಯಾರೋ ಒಡೆಯುವ ಹೊತ್ತಿಗೆ ಅವನು ಒಡವೆಯೊಂದಿಗೆ ಬೇರೆ ಊರಿನ ಬಸ್ಸಿನಲ್ಲಿರುತ್ತಿದ್ದ.

ಲೆಕ್ಕದ ದೃಷ್ಟಿಯಿಂದ ನೋಡಿ. ಮೈಸೂರು, ಬೆಂಗಳೂರು, ಮಡಿಕೇರಿ, ಹಾಸನ, ಹೀಗೆ ಬೇರೆ ಬೇರೆ ಊರಿನ ಬಸ್ ನಿಲ್ದಾಣಗಳಲ್ಲಿ ಒಂಟಿ ಹೆಂಗಸಿನ ಶವ. ಗುರುತು ಇಲ್ಲ, ಒಡವೆ ಇಲ್ಲ, ಬಾಗಿಲು ಒಳಗಿನಿಂದ ಹಾಕಿದೆ. ಆತ್ಮಹತ್ಯೆ ಇರಬೇಕೆಂದು ಠಾಣೆಯಲ್ಲಿ ಅಸಹಜ ಸಾವು ಎಂದು ಬರೆದುಕೊಳ್ಳುತ್ತಿದ್ದರು. ಅದು ಒಂದು ನಮೂದು. ಕರಾವಳಿಯ ಹಳ್ಳಿಯಲ್ಲಿ ಮಗಳು ಮನೆಗೆ ಬರಲಿಲ್ಲ. ಅದು ಅದರ ಜೋಡಿ ನಮೂದು. ಆದರೆ ಎಷ್ಟೋ ಮನೆಗಳಲ್ಲಿ ಈ ಎರಡನೆಯ ನಮೂದು ಆಗಲೇ ಇಲ್ಲ. ಯಾರನ್ನೋ ಕಟ್ಟಿಕೊಂಡು ಹೋಗಿದ್ದಾಳೆ, ಊರಿಗೆ ತಿಳಿದರೆ ಮರ್ಯಾದೆ ಹೋಗುತ್ತದೆ, ಉಳಿದ ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ ಎಂದು ಅಪ್ಪ ಅಮ್ಮ ಬಾಯಿ ಮುಚ್ಚಿಕೊಂಡರು. ಇಲ್ಲಿ ಮಗಳು ಎಲ್ಲೋ ಸುಖವಾಗಿದ್ದಾಳೆ ಎಂಬ ನಂಬಿಕೆ, ಅಲ್ಲಿ ಹೆಸರಿಲ್ಲದ ಒಂದು ಶವ. ಎರಡೂ ಪುಸ್ತಕ ಒಂದೇ ಮೇಜಿಗೆ ಬರಲೇ ಇಲ್ಲ.

ಬಂದದ್ದು 2009ರಲ್ಲಿ. ಆ ವರ್ಷ ಜೂನ್ ತಿಂಗಳಲ್ಲಿ ಬಂಟ್ವಾಳ ತಾಲ್ಲೂಕಿನ ಒಬ್ಬ ಯುವತಿ ಕಾಣೆಯಾದಳು. ಈ ಸಲ ಮನೆಯವರು, ಸಮುದಾಯದವರು ಸುಮ್ಮನಿರಲಿಲ್ಲ. ದೂರು ಕೊಟ್ಟರು, ಠಾಣೆಯ ಮುಂದೆ ನಿಂತರು. ಪೊಲೀಸರು ಅವಳ ಫೋನಿನ ಕರೆಗಳ ಪಟ್ಟಿ ತೆಗೆದರು. ಅವಳು ಪದೇ ಪದೇ ಮಾತನಾಡಿದ್ದ ಒಂದು ನಂಬರ್ ಯಾರದೆಂದು ನೋಡಿದರೆ ಇನ್ನೊಬ್ಬ ಹೆಣ್ಣುಮಗಳದು. ಆ ಮನೆಗೆ ಹೋದರೆ ಅವಳೂ ಕಾಣೆ! ಅವಳ ಕರೆಗಳ ಪಟ್ಟಿ ತೆಗೆದರೆ ಮತ್ತೊಬ್ಬ ಕಾಣೆಯಾದವಳು. ಒಬ್ಬಳಿಂದ ಪಡೆದ ಸಿಮ್ ಕಾರ್ಡಿನಿಂದಲೇ ಮುಂದಿನವಳನ್ನು ಮಾತನಾಡಿಸುತ್ತಿದ್ದ ಅವನು. ತಾನು ಮರೆಯಲ್ಲಿರಲು ಹೂಡಿದ ಉಪಾಯವೇ ಸರಪಳಿಯಾಗಿ ಅವನ ಕಾಲಿಗೆ ಸುತ್ತಿಕೊಂಡಿತು. ಕೊನೆಗೆ ಆ ಫೋನುಗಳಲ್ಲಿ ಒಂದು ಮಂಗಳೂರಿನ ಹತ್ತಿರದ ದೇರಳಕಟ್ಟೆಯಲ್ಲಿ ಜೀವಂತವಾಗಿತ್ತು. ಬಳಸುತ್ತಿದ್ದ ಹುಡುಗ, ನೆಂಟರೊಬ್ಬರು ಕೊಟ್ಟದ್ದು ಎಂದ. ಅಕ್ಟೋಬರಿನಲ್ಲಿ ಆ ನೆಂಟ ಸಿಕ್ಕ.

ಇಲ್ಲಿ ಪ್ರೊಫೈಲರ್ ಎಲ್ಲಿದ್ದಾನೆ? ಹೆಸರು ಹಲಗೆ ಹಾಕಿಕೊಂಡವನು ಯಾರೂ ಇಲ್ಲ. ಆದರೆ ಆ ವಿದ್ಯೆಯ ಒಂದು ಪಾಠ ಇಲ್ಲಿ ಎದ್ದು ಕಾಣುತ್ತದೆ. ಶವ ಸಿಕ್ಕ ಊರುಗಳಿಗೆ ನಕ್ಷೆಯಲ್ಲಿ ಚುಕ್ಕೆ ಇಟ್ಟರೆ ರಾಜ್ಯದ ಉದ್ದಗಲಕ್ಕೂ ಚದುರಿಹೋಗುತ್ತವೆ, ಏನೂ ತಿಳಿಯುವುದಿಲ್ಲ. ಅದೇ ಆ ಹೆಣ್ಣುಮಕ್ಕಳ ಮನೆಗಳಿಗೆ ಚುಕ್ಕೆ ಇಟ್ಟರೆ, ಹೆಚ್ಚಿನವು ದಕ್ಷಿಣ ಕನ್ನಡ ಮತ್ತು ಅದರ ಸುತ್ತಮುತ್ತ ಗುಂಪಾಗುತ್ತವೆ. ಹಂತಕ ಎಲ್ಲಿ ಸಾಯಿಸುತ್ತಾನೆ ಎನ್ನುವುದಕ್ಕಿಂತ ಎಲ್ಲಿ ಹುಡುಕುತ್ತಾನೆ ಎಂಬುದು ಅವನ ಮನೆಯ ದಾರಿ ತೋರಿಸುತ್ತದೆ. ಆದರೆ ಆ ನಕ್ಷೆ ಬರೆಯಲು ಮೊದಲು ಮನೆಗಳ ಪಟ್ಟಿ ಬೇಕಲ್ಲ? ಆ ಪಟ್ಟಿ ಇರುವುದು ಕಾಣೆಯಾದವರ ದೂರುಗಳಲ್ಲಿ.

2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು. ಬಂಟ್ವಾಳದ ಯುವತಿಯ ಪ್ರಕರಣದಲ್ಲಿ 2017ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. ಒಂದೊಂದೇ ಪ್ರಕರಣದ ವಿಚಾರಣೆ ನಡೆದು ಇಪ್ಪತ್ತನೆಯದರ ತೀರ್ಪು ಬಂದಾಗ 2020ರ ಜೂನ್ ಆಗಿತ್ತು.

ನಮ್ಮ ಜಿಲ್ಲೆಯ ಬಾಗಿಲಿಗೂ ಬಂದಿತ್ತು

ಇದೆಲ್ಲ ಕರಾವಳಿಯ ಮಾತು, ನಮ್ಮದು ತೆಂಗಿನ ತೋಟದ ಸೀಮೆ ಎಂದು ಸಮಾಧಾನ ಪಡುವಂತಿಲ್ಲ. ಬೆಂಗಳೂರಿನ ಹತ್ತಿರದ ಕಗ್ಗಲೀಪುರದ ಕೆಂಪಮ್ಮ ಎಂಬಾಕೆ ಮಲ್ಲಿಕಾ ಎಂದು ಹೆಸರು ಹೇಳಿಕೊಂಡು ದೇವಸ್ಥಾನಗಳಿಗೆ ಹೋಗುತ್ತಿದ್ದಳು. ಮಕ್ಕಳಿಲ್ಲದವರು, ಕಾಯಿಲೆಯವರು, ಮನೆಯಲ್ಲಿ ನೆಮ್ಮದಿ ಇಲ್ಲದವರು, ಹೀಗೆ ಕಣ್ಣೀರಿಟ್ಟು ಪ್ರಾರ್ಥಿಸುವ ಹೆಂಗಸರನ್ನು ಗುರುತಿಸಿ ಸ್ನೇಹ ಬೆಳೆಸುತ್ತಿದ್ದಳು. ಒಂದು ವಿಶೇಷ ಪೂಜೆ ಮಾಡಿಸಿದರೆ ಕಷ್ಟ ಕಳೆಯುತ್ತದೆ, ಇರುವ ಒಡವೆಯೆಲ್ಲ ಹಾಕಿಕೊಂಡು ಬಾ ಎನ್ನುತ್ತಿದ್ದಳು. ಮತ್ತೊಂದು ಕ್ಷೇತ್ರದಲ್ಲಿ ಕೋಣೆ ಹಿಡಿದು, ತೀರ್ಥವೆಂದು ವಿಷ ಕೊಡುತ್ತಿದ್ದಳು. 1999ರಲ್ಲಿ ಮೊದಲ ಕೊಲೆ, 2007ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಹಲವು. ಅವುಗಳಲ್ಲಿ ಒಂದು ನಡೆದದ್ದು ನಮ್ಮದೇ ಜಿಲ್ಲೆಯ ಯಡಿಯೂರಿನಲ್ಲಿ. ಸಿದ್ಧಲಿಂಗೇಶ್ವರನ ದರ್ಶನಕ್ಕೆ ನಮ್ಮ ಮನೆಯ ಹೆಂಗಸರೂ ಹೋಗಿಬರುವ ಜಾಗ ಅದು. ಆಕೆಗೂ ವಿಧಿಸಿದ್ದ ಮರಣದಂಡನೆ ಮುಂದೆ ಜೀವಾವಧಿಯಾಯಿತು.

ಮೋಹನ ಮದುವೆಯ ಆಸೆಯನ್ನು ಬಳಸಿದ, ಈಕೆ ದೇವರ ಮೇಲಿನ ನಂಬಿಕೆಯನ್ನು. ಉಳಿದಂತೆ ಲೆಕ್ಕ ಒಂದೇ. ದುಃಖದಲ್ಲಿರುವ ಹೆಣ್ಣು, ಮನೆಯವರಿಗೆ ಹೇಳಬೇಡ ಎಂಬ ಷರತ್ತು, ಒಡವೆ, ದೂರದ ಊರು, ಬಾಡಿಗೆ ಕೋಣೆ. ಮಕ್ಕಳೇ, ಈ ಐದರಲ್ಲಿ ಎರಡನೆಯದನ್ನು ಗಟ್ಟಿಯಾಗಿ ನೆನಪಿಡಿ. ಒಳ್ಳೆಯ ಸುದ್ದಿಯನ್ನು ಅಪ್ಪ ಅಮ್ಮನಿಂದ ಮುಚ್ಚಿಡು ಎಂದು ಹೇಳುವವರು ನಿಮಗೆ ಒಳ್ಳೆಯದು ಬಯಸುವವರಲ್ಲ. ಅವರು ಎಷ್ಟೇ ನಯವಾಗಿ ಮಾತನಾಡಲಿ, ಮೇಷ್ಟ್ರೇ ಆಗಿರಲಿ, ಹಣೆಯ ತುಂಬ ಕುಂಕುಮ ಇಟ್ಟ ಅಮ್ಮನೇ ಆಗಿರಲಿ.

ಗುಲ್ಲು ಬರೆದ ಚಿತ್ರ

ಬಂಟ್ವಾಳದ ಯುವತಿ ಕಾಣೆಯಾದಾಗ ಊರಿನವರೂ ತಮ್ಮದೇ ಒಂದು ಪ್ರೊಫೈಲ್ ಬರೆದಿದ್ದರು. ಬೇರೆ ಧರ್ಮದ ಹುಡುಗನೊಬ್ಬ ಕರೆದುಕೊಂಡು ಹೋಗಿದ್ದಾನೆ ಎಂದು ಗುಲ್ಲೆದ್ದಿತು, ಪ್ರತಿಭಟನೆ ನಡೆಯಿತು. ಫೋನಿನ ಪಟ್ಟಿ ತೆಗೆಯದೆ ಗುಲ್ಲನ್ನೇ ನಂಬಿದ್ದರೆ ಯಾರೋ ಒಬ್ಬ ಪಾಪದ ಹುಡುಗ ಕಂಬಿ ಎಣಿಸುತ್ತಿದ್ದ, ನಿಜವಾದವನು ಇಪ್ಪತ್ತೊಂದನೆಯವಳನ್ನು ಹುಡುಕುತ್ತಿದ್ದ. ಊಹೆ ತಜ್ಞನದಾದರೂ ಅಷ್ಟೇ, ಕಟ್ಟೆಯ ಮೇಲೆ ಕೂತವರದಾದರೂ ಅಷ್ಟೇ, ಅದು ಸಾಕ್ಷಿಯಲ್ಲ. ಮಂಪರು ಪರೀಕ್ಷೆಯನ್ನು ಯಾರ ಮೇಲೂ ಒತ್ತಾಯದಿಂದ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣ ಹೋದದ್ದೂ ಕರ್ನಾಟಕದಿಂದಲೇ. ತಲೆಯೊಳಗೆ ಇಣುಕುವುದಕ್ಕಿಂತ ಪುಸ್ತಕ ತೆರೆದು ನೋಡುವುದು ಕಷ್ಟದ ಕೆಲಸ, ಆದರೆ ನ್ಯಾಯದ ಕೆಲಸ.

"ಕಾಣೆ ಅಂತ ಬರೀಬ್ಯಾಡಿ"

ನಿವೃತ್ತ ಗುಮಾಸ್ತನ ಮನೆಗೆ ಜನ ಅರ್ಜಿ ಬರೆಸಿಕೊಳ್ಳಲು ಬರುತ್ತಾರೆ. ಪಿಂಚಣಿ, ಖಾತೆ ಬದಲಾವಣೆ, ಬೆಳೆ ವಿಮೆ, ಎಲ್ಲ ಬರೆದುಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಪಕ್ಕದ ಹಳ್ಳಿಯಿಂದ ಗಂಡ ಹೆಂಡತಿ ಕತ್ತಲಾದ ಮೇಲೆ ಬಂದರು. ಮಗಳು ಮನೆ ಬಿಟ್ಟು ನಾಲ್ಕು ದಿನವಾಗಿತ್ತು. ಕೇಳಿದವರಿಗೆಲ್ಲ ಅತ್ತೆ ಮನೆಗೆ ಹೋಗಿದ್ದಾಳೆ ಎಂದು ಹೇಳಿಕೊಂಡಿದ್ದರು. ಅರ್ಜಿ ಬರೆಯಲು ಕೂತೆ. "ಸಾಮೇರೆ, ಕಾಣೆ ಅಂತ ಮಾತ್ರ ಬರೀಬ್ಯಾಡಿ, ಮಾನ ಹೋಯ್ತದೆ" ಎಂದು ಅಪ್ಪ ಕೈ ಮುಗಿದ. ತಾಯಿ ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. "ಹೋಗ್ಲಿ ಬಿಡಿ ಮಾನ. ಮಗ ಬೇಕು ನಂಗೆ. ಬರೀರಿ" ಎಂದಳು. ನಮ್ಮ ಕಡೆ ಮುದ್ದಿನಿಂದ ಹೆಣ್ಣುಮಕ್ಕಳನ್ನೂ ಮಗ ಎನ್ನುತ್ತಾರೆ. ಬರೆದೆ. ಎಂಟನೇ ದಿನ ಹುಡುಗಿ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹತ್ತಿರ ಸ್ನೇಹಿತೆಯ ಕೋಣೆಯಲ್ಲಿ ಸಿಕ್ಕಳು. ಪರೀಕ್ಷೆಯಲ್ಲಿ ಫೇಲಾದ ಭಯಕ್ಕೆ ಹೋಗಿದ್ದಳು. ಊರಿನ ಬಾಯಿ ಒಂದು ತಿಂಗಳು ಆಡಿತು, ಆಮೇಲೆ ಕೊಬ್ಬರಿ ದರದ ಕಡೆ ತಿರುಗಿತು.

ಎಲ್ಲ ಕಾಣೆಯೂ ಕೊಲೆಯಲ್ಲ. ಹೆಚ್ಚಿನವು ಅಲ್ಲವೇ ಅಲ್ಲ. ಆದರೆ ಯಾವುದು ಯಾವುದೆಂದು ತಿಳಿಯುವುದು ಬರೆದುಕೊಂಡ ಮೇಲೆಯೇ. ಅದಕ್ಕೇ ಕೆಲವು ಮಾತು ಹೇಳಿ ಮುಗಿಸುತ್ತೇನೆ.

ಮನೆಯವರು ಕಾಣದಿದ್ದರೆ 24 ಗಂಟೆ ಕಾಯಬೇಕು ಎಂಬ ನಿಯಮ ಎಲ್ಲೂ ಇಲ್ಲ. ತಕ್ಷಣ ಠಾಣೆಗೆ ಹೋಗಿ. ತುರ್ತಿದ್ದರೆ 112ಕ್ಕೆ ಕರೆ ಮಾಡಿ, ಮಕ್ಕಳ ವಿಷಯವಾದರೆ 1098 ಇದೆ. ಮಗು ಕಾಣೆಯಾಗಿದೆ ಎಂಬ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ಅಪರಾಧದ ಶಂಕೆ ಇದ್ದಾಗ ಇದು ನಮ್ಮ ಠಾಣೆಯ ಸರಹದ್ದಲ್ಲ ಎಂದು ವಾಪಸು ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅದು ಸ್ಪಷ್ಟವಾಗಿದೆ. ದೇಶದ ಠಾಣೆಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸುವ ಸಿಸಿಟಿಎನ್‌ಎಸ್ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟದ್ದು 2009ರ ಜೂನ್‌ನಲ್ಲಿ, ಬಂಟ್ವಾಳದ ಆ ಯುವತಿ ಕಾಣೆಯಾದ ತಿಂಗಳಲ್ಲೇ. ಆಗ ಕರೆಪಟ್ಟಿ ಹಿಡಿದು ಮನೆಯಿಂದ ಮನೆಗೆ ಅಲೆದು ಮಾಡಿದ ಕೆಲಸಕ್ಕೆ ಈಗ ಯಂತ್ರದ ನೆರವಿದೆ.

ದೂರಿನಲ್ಲಿ ಎತ್ತರ, ಬಣ್ಣ, ತೊಟ್ಟ ಬಟ್ಟೆ, ಹಳೆಯ ಗಾಯದ ಗುರುತು, ಒಡವೆಯ ವಿವರ, ಫೋನ್ ನಂಬರು, ಇತ್ತೀಚೆಗೆ ಯಾರೊಡನೆ ಮಾತನಾಡುತ್ತಿದ್ದರು ಎಂಬುದು, ಇತ್ತೀಚಿನ ಒಂದು ಫೋಟೋ, ಇಷ್ಟೂ ಇರಲಿ. ನಾಚಿಕೆಯಿಂದ ಒಂದನ್ನೂ ಬಿಡಬೇಡಿ. ಹಿಂಬರಹ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಯಂತ್ರ ಎಷ್ಟೇ ದೊಡ್ಡದಾದರೂ ಎರಡು ನಮೂದುಗಳನ್ನು ಮಾತ್ರ ಜೋಡಿಸಬಲ್ಲದು. ಮನೆಯವರು ಬರೆಸದೆ ಬಿಟ್ಟದ್ದನ್ನು ಅದು ಎಲ್ಲಿಂದ ತಂದೀತು?